ಟ್ಯಾಪೆಟ್ ಕವರ್ ಸೋರಿದರೆ ಬೋಲ್ಟ್ ಬಿಗಿ ಮಾಡಬೇಡಿ, ಮೊದಲು ಇದನ್ನ ಓದಿ

ನಲ್ಲಿ ತೊಟ್ಟಿಕ್ಕುತ್ತಿದ್ದರೆ ಗಟ್ಟಿಯಾಗಿ ತಿರುಗಿಸ್ತೀವಿ. ನೀರಿನ ಬಾಟಲಿ ಬ್ಯಾಗಿನೊಳಗೆ ಸೋರಿ ರೆಕಾರ್ಡ್ ಬುಕ್ ಒದ್ದೆಯಾದರೆ ಮಾರನೇ ದಿನ ಮುಚ್ಚಳವನ್ನ ಇನ್ನಷ್ಟು ಬಿಗಿ ಮಾಡ್ತೀವಿ. ಸೋರ್ತಾ ಇದೆ ಅಂದ್ರೆ ಸಡಿಲ ಇದೆ, ಸಡಿಲ ಇದೆ ಅಂದ್ರೆ ಬಿಗಿ ಮಾಡು. ಚಿಕ್ಕಂದಿನಿಂದ ನಮ್ಮ ತಲೆಯಲ್ಲಿ ಕೂತಿರೋ ಲಾಜಿಕ್ ಇದು, ಬಹಳಷ್ಟು ಕಡೆ ಸರಿಯೂ ಹೌದು. ಆದರೆ ಎಂಜಿನ್ನಿನ ನೆತ್ತಿ ಮೇಲೆ ಕೂತಿರೋ ಒಂದು ಮುಚ್ಚಳದ ವಿಷಯದಲ್ಲಿ ಈ ಲಾಜಿಕ್ ಉಲ್ಟಾ ಹೊಡೆಯುತ್ತೆ. ಅಲ್ಲಿ ಒಂದು ಮಿತಿ ದಾಟಿದ ಮೇಲೆ ಬಿಗಿ ಮಾಡಿದಷ್ಟೂ ಆಯಿಲ್ ಸೋರೋದು ಜಾಸ್ತಿಯಾಗುತ್ತೆ.

ಆ ಮುಚ್ಚಳಕ್ಕೆ ನಮ್ಮ ಪುಸ್ತಕದಲ್ಲಿ ವಾಲ್ವ್ ಕವರ್ ಅಂತ ಹೆಸರು. ಹಳೇ ಮ್ಯಾನುಯಲ್‌ಗಳಲ್ಲಿ ರಾಕರ್ ಕವರ್. ಗ್ಯಾರೇಜಿಗೆ ಹೋಗಿ ಈ ಎರಡೂ ಹೆಸರು ಹೇಳಿದರೆ ಮೇಸ್ತ್ರಿ ಒಂದು ಕ್ಷಣ ಮುಖ ನೋಡಿ ‘ಓ, ಟ್ಯಾಪೆಟ್ ಕವರಾ?’ ಅಂತಾರೆ. ಹಾಗೇ ಗ್ಯಾಸ್ಕೆಟ್ ಅಂದರೆ ಅಲ್ಲಿ ಪ್ಯಾಕಿಂಗ್. ನಾನೂ ಇಲ್ಲಿ ಗ್ಯಾರೇಜಿನ ಹೆಸರುಗಳನ್ನೇ ಬಳಸ್ತೀನಿ. ಬೇರೆ ಬ್ರಾಂಚಿನವರಿಗೆ ಒಂದು ಮಾತು: ಎಂಜಿನ್ನಿನ ಮೇಲ್ಭಾಗದಲ್ಲಿ ಕ್ಯಾಮ್‌ಶಾಫ್ಟ್, ರಾಕರ್, ವಾಲ್ವಿನ ಸ್ಪ್ರಿಂಗ್‌ಗಳು ಇರುತ್ತವಲ್ಲ, ಅವನ್ನೆಲ್ಲ ಮುಚ್ಚೋ ಉದ್ದನೆಯ ಡಬ್ಬಿಯ ಮುಚ್ಚಳದಂಥ ಭಾಗವೇ ಇದು. ಆಯಿಲ್ ಹಾಕೋ ಕ್ಯಾಪ್ ಬಹುತೇಕ ಗಾಡಿಗಳಲ್ಲಿ ಇದರ ಮೇಲೇ ಇರುತ್ತೆ. ಕೆಳಗೆ ಸಿಲಿಂಡರ್ ಹೆಡ್, ಮೇಲೆ ಕವರ್, ಮಧ್ಯೆ ಪ್ಯಾಕಿಂಗ್, ಸುತ್ತ ಒಂದಷ್ಟು ಸಣ್ಣ ಬೋಲ್ಟುಗಳು. ಇಷ್ಟೇ.

ಈಗ ಮುಖ್ಯ ಪ್ರಶ್ನೆ. ಈ ಕವರ್ ಒಳಗೆ ಎಷ್ಟು ಪ್ರೆಶರ್ ಇರುತ್ತೆ?

ಆಯಿಲ್ ಪಂಪ್ ಆಯಿಲನ್ನ ಹಲವು ಬಾರ್ ಪ್ರೆಶರಿನಲ್ಲಿ ಮೇಲಕ್ಕೆ ತಳ್ಳೋದು ನಿಜ. ಆದರೆ ಆ ಪ್ರೆಶರ್ ಇರೋದು ಕೊರೆದ ಸಣ್ಣ ದಾರಿಗಳ ಒಳಗೆ ಮಾತ್ರ. ಕ್ಯಾಮ್‌ಶಾಫ್ಟಿನ ಬೇರಿಂಗಿನಿಂದ ಹೊರಗೆ ಬಂದ ಮೇಲೆ ಆಯಿಲ್ ಸುಮ್ಮನೆ ಸಿಡಿಯುತ್ತೆ, ಮಂಜಿನ ಹಾಗೆ ಹಾರುತ್ತೆ, ಕವರಿನ ಒಳಗೋಡೆಗೆ ತಾಗಿ ಇಳಿದು ಹೆಡ್ಡಿನ ತೂತುಗಳಿಂದ ಕೆಳಗೆ ಸಂಪಿಗೆ ವಾಪಸ್ ಹೋಗುತ್ತೆ. ಅಂದರೆ ಕವರಿನ ಕೆಲಸ ಪ್ರೆಶರನ್ನ ತಡೆಯೋದಲ್ಲ. ಸಾರು ಕುದಿಯೋವಾಗ ಪಾತ್ರೆ ಮೇಲೆ ಮುಚ್ಚೋ ತಟ್ಟೆಯ ಕೆಲಸ ಅದು, ಕುಕ್ಕರ್ ಮುಚ್ಚಳದ ಕೆಲಸ ಅಲ್ಲ. ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಕ್ರ್ಯಾಂಕ್‌ಕೇಸಿಗೆ ಬರೋ ಗ್ಯಾಸ್ ಇದೆ, ಬ್ಲೋ-ಬೈ ಅಂತಾರೆ. ಅದನ್ನ ಹೊರಗೆಳೆದು ಇನ್‌ಟೇಕಿಗೆ ಕಳಿಸೋಕೆ ಪಿಸಿವಿ ಅನ್ನೋ ಸಣ್ಣ ವಾಲ್ವ್ ಇರುತ್ತೆ. ಅದು ಸರಿಯಾಗಿ ಕೆಲಸ ಮಾಡ್ತಿದ್ದರೆ ಕವರಿನ ಒಳಗೆ ಪ್ರೆಶರ್ ಇರೋದು ಹಾಗಿರಲಿ, ಹೊರಗಿಗಿಂತ ಸ್ವಲ್ಪ ಕಮ್ಮಿಯೇ ಇರುತ್ತೆ.

ಇರಲಿ, ಪಿಸಿವಿ ಕೆಟ್ಟು ಒಳಗೆ 0.1 ಬಾರ್ ಪ್ರೆಶರ್ ಆಗಿದೆ ಅಂತಲೇ ಇಟ್ಟುಕೊಳ್ಳೋಣ. ಕವರ್ 40 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಅಂದುಕೊಂಡರೆ ಅದನ್ನ ಮೇಲಕ್ಕೆ ತಳ್ಳೋ ಬಲ 800 ನ್ಯೂಟನ್, ಅಂದರೆ ಸುಮಾರು 80 ಕೆಜಿ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಇದರ ಎದುರು ಬೋಲ್ಟುಗಳು ಏನು ಮಾಡ್ತವೆ ಅಂತ ನೋಡೋಣ.

ಬೋಲ್ಟ್ ಅಂದ್ರೆ ಸ್ಪ್ರಿಂಗ್

ನಾವು ಬೋಲ್ಟನ್ನ ತಿರುಗಿಸ್ತೀವಿ ನಿಜ, ಆದರೆ ನಮಗೆ ಬೇಕಾಗಿರೋದು ತಿರುಗೋದಲ್ಲ, ಎಳೆದುಕೊಳ್ಳೋದು. ತಲೆ ಕವರಿಗೆ ತಾಗಿದ ಮೇಲೂ ತಿರುಗಿಸಿದರೆ ಬೋಲ್ಟಿನ ಉದ್ದ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತೆ. ಹಿಗ್ಗಿದ ಸ್ಪ್ರಿಂಗ್ ಹೇಗೆ ವಾಪಸ್ ಎಳೆಯುತ್ತೋ ಹಾಗೇ ಬೋಲ್ಟು ಕವರನ್ನ ಹೆಡ್ಡಿನ ಕಡೆಗೆ ಎಳೆದು ಹಿಡಿಯುತ್ತೆ. ಇದೇ ಕ್ಲಾಂಪ್ ಬಲ. ಮೂರನೇ ಸೆಮಿಸ್ಟರಿನಲ್ಲಿ ಎಲ್ಲರೂ ಉರು ಹೊಡೆದಿರೋ ಹುಕ್ಸ್ ಲಾ ಇಲ್ಲಿ ನಿಜವಾಗ್ಲೂ ಕೆಲಸ ಮಾಡ್ತಿರುತ್ತೆ.

ಈಗಿನ ಕಾರುಗಳ ಟ್ಯಾಪೆಟ್ ಕವರಿನಲ್ಲಿ ಹೆಚ್ಚಾಗಿ ಇರೋದು ಎಂ6 ಬೋಲ್ಟ್. ವ್ಯಾಸ 6 ಮಿಲಿಮೀಟರ್, ತಲೆಗೆ ಹತ್ತರ ಸ್ಪ್ಯಾನರ್ ಕೂರುತ್ತೆ. ಸರ್ವಿಸ್ ಮ್ಯಾನುಯಲ್ ತೆಗೆದರೆ ಇದಕ್ಕೆ ಸಾಮಾನ್ಯವಾಗಿ 7ರಿಂದ 12 ನ್ಯೂಟನ್-ಮೀಟರ್ ಒಳಗಿನ ಯಾವುದೋ ಒಂದು ಟಾರ್ಕ್ ಕೊಟ್ಟಿರ್ತಾರೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ 10 ಅಂತ ತಗೊಳ್ಳೋಣ. ಸೂತ್ರ ಸರಳ: ಟಾರ್ಕ್ ಅಂದರೆ ಘರ್ಷಣೆಯ ಒಂದು ಗುಣಾಂಕ, ಕ್ಲಾಂಪ್ ಬಲ ಮತ್ತು ಬೋಲ್ಟಿನ ವ್ಯಾಸ, ಈ ಮೂರರ ಗುಣಲಬ್ಧ. ಒಣ ಸ್ಟೀಲಿಗೆ ಆ ಗುಣಾಂಕ ಸುಮಾರು 0.2. ಹಾಗಾಗಿ 10 ಅನ್ನ 0.2ರಿಂದ, ಆಮೇಲೆ 0.006 ಮೀಟರಿನಿಂದ ಭಾಗಿಸಿದರೆ ಬರೋದು 8,300 ನ್ಯೂಟನ್ ಚಿಲ್ಲರೆ. ಅಂದರೆ ಒಂದೇ ಒಂದು ಬೋಲ್ಟು ಸುಮಾರು 850 ಕೆಜಿ ಬಲದಿಂದ ಹಿಡಿಯುತ್ತೆ! ಇಂಥವು ಹತ್ತಿದ್ದರೆ ಎಂಟೂವರೆ ಟನ್.

ಆ ಕಡೆ 80 ಕೆಜಿ, ಅದೂ ಪಿಸಿವಿ ಕೆಟ್ಟಾಗ. ಈ ಕಡೆ ಎಂಟೂವರೆ ಟನ್. ನೂರು ಪಟ್ಟು ವ್ಯತ್ಯಾಸ. ಹಾಗಾದರೆ ‘ಬೋಲ್ಟಿನ ಬಲ ಸಾಲದೆ ಸೋರ್ತಾ ಇದೆ’ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಬೋಲ್ಟು ಪೂರ್ತಿ ಸಡಿಲವಾಗಿ ಕೈಯಲ್ಲೇ ತಿರುಗುವಂತಿದ್ದರೆ ಬೇರೆ ಮಾತು. ಉಳಿದಂತೆ ಸೋರಿಕೆ ಆಗೋದು ಬಲ ಕಮ್ಮಿಯಾಗಿ ಅಲ್ಲ, ಪ್ಯಾಕಿಂಗಿನ ಸುತ್ತ ಬಲ ಸಮವಾಗಿ ಹಂಚಿಕೆ ಆಗದೇ ಇರೋದ್ರಿಂದ. ಒಂದು ಕಡೆ ಪ್ಯಾಕಿಂಗ್ ಜಜ್ಜಿ ಹೋಗಿರುತ್ತೆ, ಪಕ್ಕದಲ್ಲೇ ಎರಡು ಇಂಚು ದೂರದಲ್ಲಿ ಕಾಗದದಷ್ಟು ಸಂದು. ಆಯಿಲಿಗೆ ಅಷ್ಟು ಸಾಕು. ಸೋರೋ ಜಾಗದ ಹತ್ತಿರದ ಬೋಲ್ಟನ್ನೇ ಹುಡುಕಿ ಇನ್ನೊಂದು ಕಾಲು ಸುತ್ತು ಕೊಡ್ತಾರಲ್ಲ, ಆಗ ಈ ಅಸಮತೆ ಇನ್ನೂ ಜಾಸ್ತಿಯಾಗುತ್ತೆ.

ಅಂಬಾಸಿಡರ್ ಮತ್ತು ಎರಡು ನಟ್

ಇದನ್ನ ಚೆನ್ನಾಗಿ ತೋರಿಸೋ ಎಂಜಿನ್ ಅಂದ್ರೆ ನಮ್ಮ ಹಳೇ ಅಂಬಾಸಿಡರಿನದ್ದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನ ಆಧಾರವಾಗಿ ಇಟ್ಟುಕೊಂಡು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗ್ತಿದ್ದ ಗಾಡಿ ಅದು, 2014ರಲ್ಲಿ ನಿಂತಿತು. ಸರ್ಕಾರಿ ಕಚೇರಿಗಳ ಮುಂದೆ ನಿಲ್ತಿದ್ದ ಬಿಳಿ ಅಂಬಾಸಿಡರ್‌ಗಳನ್ನ ನಮ್ಮ ಅಪ್ಪ-ಅಮ್ಮನ ಕಾಲದವರು ಮರೆತಿರೋಕೆ ಸಾಧ್ಯವಿಲ್ಲ. ಅದರಲ್ಲಿ ಬಹಳ ವರ್ಷ ಇದ್ದದ್ದು ಬಿಎಂಸಿ ಕಂಪನಿಯ ಬಿ-ಸೀರೀಸ್ 1489 ಸಿಸಿ ಪೆಟ್ರೋಲ್ ಎಂಜಿನ್.

ಅದರ ರಾಕರ್ ಕವರ್ ತೆಳು ತಗಡನ್ನ ಪ್ರೆಸ್‌ನಲ್ಲಿ ಒತ್ತಿ ಮಾಡಿದ್ದು. ಕೆಳಗೆ ಕಾರ್ಕಿನ ಪ್ಯಾಕಿಂಗ್. ಸುತ್ತ ಬೋಲ್ಟುಗಳೇ ಇಲ್ಲ, ನೆತ್ತಿಯ ಮೇಲೆ ಎರಡೇ ಎರಡು ನಟ್, ಅವುಗಳ ಕೆಳಗೆ ರಬ್ಬರ್ ಬುಷ್ ಮತ್ತು ಬಟ್ಟಲಿನಂಥ ವಾಷರ್. ಇದೇ ಬಿ-ಸೀರೀಸ್ ಕುಟುಂಬದ ದೊಡ್ಡ ಎಂಜಿನ್ ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿತ್ತು, ಅದರ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಈ ನಟ್‌ಗಳಿಗೆ ಕೊಟ್ಟಿರೋ ಟಾರ್ಕ್ 4 ಪೌಂಡ್-ಫೂಟ್. ನಮ್ಮ ಲೆಕ್ಕದಲ್ಲಿ ಐದೂವರೆ ನ್ಯೂಟನ್-ಮೀಟರ್ ಕೂಡ ಅಲ್ಲ. ಹೋಲಿಕೆಗೆ ಹೇಳ್ತೀನಿ, ಸಣ್ಣ ಕಾರಿನ ಚಕ್ರದ ನಟ್‌ಗೆ 85ರಿಂದ 110 ಇರುತ್ತೆ. ಅದರ ಹದಿನೈದು-ಇಪ್ಪತ್ತನೇ ಒಂದು ಭಾಗ!

ತಗಡಿನ ಕವರಿಗೆ ಇದಕ್ಕಿಂತ ಜಾಸ್ತಿ ಕೊಟ್ಟರೆ ಏನಾಗುತ್ತೆ ಅಂತ ಊಹಿಸೋದು ಕಷ್ಟವಲ್ಲ. ನಟ್ ಇರೋ ಜಾಗದಲ್ಲಿ ನೆತ್ತಿ ತಗ್ಗುತ್ತೆ, ಅಂಚು ಹೊರಕ್ಕೆ ಅಗಲಿಸಿಕೊಳ್ಳುತ್ತೆ, ಪ್ಯಾಕಿಂಗ್ ಮೇಲೆ ನೇರವಾಗಿ ಕೂರೋದು ಬಿಟ್ಟು ವಾರೆಯಾಗಿ ಕೂರುತ್ತೆ. ಸುತ್ತಲೂ ಬೋಲ್ಟ್ ಇರೋ ಬೇರೆ ತಗಡಿನ ಕವರುಗಳಲ್ಲಾದರೆ ಪ್ರತಿ ತೂತಿನ ಸುತ್ತ ತಗಡು ಕುಳಿ ಬೀಳುತ್ತೆ, ಎರಡು ತೂತುಗಳ ನಡುವೆ ಬಿಲ್ಲಿನ ಹಾಗೆ ಮೇಲೇಳುತ್ತೆ. ಅಂಥ ಕವರಿಗೆ ಹೊಸ ಪ್ಯಾಕಿಂಗ್ ಹಾಕಿದರೂ ಸೋರೋದು ನಿಲ್ಲಲ್ಲ, ಯಾಕಂದರೆ ಈಗ ಸಪಾಟಾಗಿಲ್ಲದೇ ಇರೋದು ಕವರೇ. ತಗಡನ್ನ ತಿರುಗಿಸಿ, ಮರದ ತುಂಡಿನ ಮೇಲೆ ಇಟ್ಟು, ತೂತಿನ ಸುತ್ತ ಮೆಲ್ಲಗೆ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಬೇಕು. ಗಾಜಿನ ಮೇಲೆ ಕವಿಚಿ ಇಟ್ಟು, ಸಂದಿನಿಂದ ಮೊಬೈಲ್ ಟಾರ್ಚಿನ ಬೆಳಕು ಕಾಣುತ್ತಾ ಅಂತ ನೋಡಿದರೆ ಸಮ ಆಗಿದೆಯೋ ಇಲ್ಲವೋ ಗೊತ್ತಾಗುತ್ತೆ.

ಕಾರ್ಕ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಯಾವುದನ್ನಾದರೂ ಮೇಲಿನಿಂದ ಒತ್ತಿದರೆ ಅದು ಪಕ್ಕಕ್ಕೆ ಉಬ್ಬುತ್ತಲ್ಲ, ಆ ಉಬ್ಬೋ ಗುಣಕ್ಕೆ ಪಾಯ್ಸನ್ ರೇಶಿಯೋ ಅಂತಾರೆ. ಸ್ಟೀಲಿಗೆ ಸುಮಾರು 0.3, ರಬ್ಬರಿಗೆ ಹತ್ತಿರ ಹತ್ತಿರ 0.5, ಕಾರ್ಕಿಗೆ ಹೆಚ್ಚೂಕಮ್ಮಿ ಸೊನ್ನೆ. ಕಾರ್ಕಿನ ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳು, ಒತ್ತಿದರೆ ಆ ಗೂಡುಗಳು ಮಡಚಿಕೊಳ್ಳುತ್ತವೆ, ಪಕ್ಕಕ್ಕೆ ಉಬ್ಬೋ ಅಗತ್ಯವೇ ಬರಲ್ಲ. ಬಾಟಲಿಯ ಬಾಯಿಗೆ ಕಾರ್ಕ್ ತುರುಕೋಕೆ ಆಗೋದು ಇದರಿಂದಲೇ. ತಮಾಷೆ ಅಂದ್ರೆ, ಆ ಗೂಡುಗಳನ್ನ ಮೈಕ್ರೋಸ್ಕೋಪಿನಲ್ಲಿ ನೋಡಿ 1665ರಲ್ಲಿ ತನ್ನ ‘ಮೈಕ್ರೋಗ್ರಾಫಿಯಾ’ ಪುಸ್ತಕದಲ್ಲಿ ಚಿತ್ರ ಬರೆದು ‘ಸೆಲ್’ ಅಂತ ಕರೆದದ್ದು ರಾಬರ್ಟ್ ಹುಕ್. ಬಯಾಲಜಿಯ ಸೆಲ್ ಬಂದದ್ದು ಅಲ್ಲಿಂದ. ಸ್ಪ್ರಿಂಗಿನ ನಿಯಮವನ್ನ 1678ರಲ್ಲಿ ಪ್ರಕಟಿಸಿದ್ದೂ ಅದೇ ಹುಕ್. ಪಿಯುಸಿಯಲ್ಲಿ ಬಯಾಲಜಿಗೊಂದು ಫಿಸಿಕ್ಸಿಗೊಂದು ಅಂತ ಬೇರೆ ಬೇರೆ ನೋಟ್ಸಿನಲ್ಲಿದ್ದ ಮನುಷ್ಯ ಒಬ್ಬನೇ ಅಂತ ನನಗೆ ಗೊತ್ತಾಗಿದ್ದು ಈ ಟ್ಯಾಪೆಟ್ ಕವರ್ ದೆಸೆಯಿಂದ.

ಆದರೆ ಕಾರ್ಕಿಗೂ ಒಂದು ಮಿತಿ ಇದೆ. ಗೂಡುಗಳು ಪೂರ್ತಿ ಜಜ್ಜಿ ಹೋದರೆ ಮತ್ತೆ ಏಳಲ್ಲ. ಬಿಸಿಗೆ ಒಣಗಿ ಬಿರುಕು ಬಿಡುತ್ತೆ. ವಿಪರೀತ ಬಿಗಿ ಮಾಡಿದರೆ ಬೋಲ್ಟ್ ತೂತಿನ ಹತ್ತಿರವೇ ಸೀಳುತ್ತೆ.

ರಬ್ಬರ್ ಕಥೆ ಬೇರೆ

ಈಗಿನ ಎಂಜಿನ್ನುಗಳಲ್ಲಿ ಕವರು ಅಲ್ಯೂಮಿನಿಯಂನದ್ದು ಇಲ್ಲಾ ಪ್ಲಾಸ್ಟಿಕ್ಕಿನದ್ದು, ಪ್ಯಾಕಿಂಗ್ ರಬ್ಬರಿನದ್ದು. ರಬ್ಬರಿಗೆ ಪಾಯ್ಸನ್ ರೇಶಿಯೋ 0.5ರ ಹತ್ತಿರ ಅಂದೆನಲ್ಲ, ಅದರ ಅರ್ಥ ರಬ್ಬರಿನ ಗಾತ್ರ ಕುಗ್ಗೋದೇ ಇಲ್ಲ ಅಂತ. ನೀರು ತುಂಬಿದ ಬಲೂನಿನ ಥರ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಲೇಬೇಕು. ಅದಕ್ಕೇ ಕವರಿನಲ್ಲಿ ಒಂದು ಕಾಲುವೆ ಮಾಡಿ, ರಬ್ಬರನ್ನ ಅದರೊಳಗೆ ಕೂರಿಸಿ, ಉಬ್ಬೋಕೆ ಅಂತ ಅಕ್ಕಪಕ್ಕ ಸ್ವಲ್ಪ ಜಾಗ ಬಿಟ್ಟಿರ್ತಾರೆ. ರಬ್ಬರನ್ನ ಎಷ್ಟು ಒತ್ತಬೇಕು ಅನ್ನೋದನ್ನ ಡಿಸೈನ್ ಮಾಡಿದವರೇ ತೀರ್ಮಾನ ಮಾಡಿ ಆಗಿದೆ.

ಅದನ್ನ ಹೇಗೆ ಕಾಪಾಡ್ತಾರೆ ಅನ್ನೋದು ನನಗೆ ತುಂಬ ಇಷ್ಟವಾದ ಭಾಗ. ಇಂಥ ಕವರಿನ ಬೋಲ್ಟನ್ನ ಬಿಚ್ಚಿ ನೋಡಿ. ಬಹಳಷ್ಟರಲ್ಲಿ ಥ್ರೆಡ್ಡಿನ ಮೇಲ್ಗಡೆ ದಪ್ಪನೆಯ ಒಂದು ಭುಜ ಇರುತ್ತೆ, ಇಲ್ಲಾ ಕವರಿನ ತೂತಿನಲ್ಲಿ ಒಂದು ಸಣ್ಣ ಲೋಹದ ಬುಷ್ ಕೂತಿರುತ್ತೆ. ಬೋಲ್ಟು ಇಳೀತಾ ಇಳೀತಾ ಆ ಭುಜ ಹೆಡ್ಡಿಗೆ ತಾಗಿ ನಿಂತುಬಿಡುತ್ತೆ. ಅಲ್ಲಿಗೆ ರಬ್ಬರು ಎಷ್ಟು ಒತ್ತಬೇಕೋ ಅಷ್ಟು ಒತ್ತಿ ಆಯ್ತು. ಆಮೇಲೆ ನೀವು ಎಷ್ಟೇ ತಿರುಗಿಸಿದರೂ ರಬ್ಬರಿಗೆ ಒಂದು ಗ್ರಾಮ್ ಕೂಡ ಜಾಸ್ತಿ ಬಲ ಹೋಗಲ್ಲ! ಲೋಹಕ್ಕೆ ಲೋಹ ತಾಗಿದೆ, ಆಮೇಲಿನ ಬಲವೆಲ್ಲ ಬುಷ್ ಮೂಲಕ ಹೆಡ್ಡಿಗೆ ಹೋಗುತ್ತೆ. ಮೇಲೆ ಲೆಕ್ಕ ಹಾಕಿದ ಎಂಟೂವರೆ ಟನ್ನಿನಲ್ಲಿ ಹೆಚ್ಚಿನ ಪಾಲು ಹೋಗೋದು ಹೀಗೇ. ಅಂದರೆ ಇಂಥ ಕವರ್ ಸೋರ್ತಿದ್ದಾಗ ಬೋಲ್ಟ್ ಇನ್ನಷ್ಟು ಬಿಗಿ ಮಾಡೋದು ಸೋರಿಕೆಗೆ ಸಂಬಂಧವೇ ಇಲ್ಲದ ಕೆಲಸ. ಬಿಗಿ ಮಾಡಿದವರಿಗೆ ಏನೋ ಮಾಡಿದ ಸಮಾಧಾನ ಸಿಗುತ್ತೆ, ಅಷ್ಟೇ.

ಹಾಳಾಗೋದು ಮಾತ್ರ ಬೇರೆ ಎರಡು. ಒಂದು, ಪ್ಲಾಸ್ಟಿಕ್ ಕವರ್ ಆದರೆ ಬೋಲ್ಟಿನ ಹತ್ತಿರ ಕೂದಲೆಳೆ ಬಿರುಕು ಬರುತ್ತೆ, ಆಮೇಲೆ ಇಡೀ ಕವರನ್ನೇ ಬದಲಾಯಿಸಬೇಕು. ಇನ್ನೊಂದು, ಹೆಡ್ ಅಲ್ಯೂಮಿನಿಯಂ, ಬೋಲ್ಟು ಸ್ಟೀಲ್. ಸೋಲೋದು ಯಾವಾಗಲೂ ಅಲ್ಯೂಮಿನಿಯಂ. ತಿರುಗಿಸ್ತಾ ಇದ್ದಾಗ ಬಿಗಿ ಏರ್ತಾ ಏರ್ತಾ ಬಂದು ಇದ್ದಕ್ಕಿದ್ದ ಹಾಗೆ ಬೆಣ್ಣೆಯಲ್ಲಿ ತಿರುಗಿಸಿದಂತೆ ಹಗುರ ಆಗುತ್ತೆ. ಆ ಕ್ಷಣ ಗ್ಯಾರೇಜಿನಲ್ಲಿ ಯಾರೂ ಮಾತಾಡಲ್ಲ. ಬೋಲ್ಟ್ ಹೊರಗೆ ತೆಗೆದರೆ ಅದರ ಥ್ರೆಡ್ಡಿಗೆ ಬೆಳ್ಳಿ ಬಣ್ಣದ ಸಣ್ಣ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಬರೋದು ಹೆಡ್ಡಿನ ಥ್ರೆಡ್. ಅದನ್ನ ಸರಿ ಮಾಡೋಕೆ ತೂತನ್ನ ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ಹೊಡೆದು, ಹೆಲಿಕಾಯಿಲ್ ಅನ್ನೋ ಸ್ಟೀಲ್ ಸುರುಳಿ ಕೂರಿಸಬೇಕು. ಕೊರೆಯೋವಾಗ ಬೀಳೋ ಲೋಹದ ಪುಡಿ ಎಂಜಿನ್ ಒಳಗೆ ಹೋಗದ ಹಾಗೆ ಬಟ್ಟೆ ತುಂಬಬೇಕು, ಡ್ರಿಲ್ಲಿಗೆ ಗ್ರೀಸ್ ಹಚ್ಚಬೇಕು. ಒಂದು ಪ್ಯಾಕಿಂಗ್ ಬದಲಾಯಿಸೋ ಕೆಲಸ ಇಡೀ ದಿನದ ಕೆಲಸ ಆಗುತ್ತೆ. ಬಾಡಿಗೆಗೆ ಗಾಡಿ ಓಡಿಸೋರಿಗೆ ಅದು ಒಂದು ದಿನದ ದುಡಿಮೆ.

‘ಎರಡು ಹನಿ ಆಯಿಲ್ ತಾನೇ, ಸೋರಲಿ ಬಿಡು’ ಅನ್ನೋರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಬಹಳ ಎಂಜಿನ್ನುಗಳಲ್ಲಿ ಈ ಕವರಿನ ಒಂದು ಅಂಚಿನ ಕೆಳಗೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುತ್ತೆ, ಓಡೋ ಗಾಡಿಯಲ್ಲಿ ನೂರಾರು ಡಿಗ್ರಿ ಬಿಸಿ. ಅದರ ಮೇಲೆ ಬಿದ್ದ ಆಯಿಲ್ ಹೊಗೆಯಾಗುತ್ತೆ, ಆ ವಾಸನೆ ಎಸಿ ಮೂಲಕ ಒಳಗೆ ಬರುತ್ತೆ, ಜಾಸ್ತಿಯಾದರೆ ಬೆಂಕಿಯೂ ಹತ್ತಬಹುದು. ಸ್ಪಾರ್ಕ್ ಪ್ಲಗ್ಗಿನ ಬಾವಿ ಕವರಿನ ಮಧ್ಯದಿಂದ ಹಾದು ಹೋಗೋ ಎಂಜಿನ್ನುಗಳಲ್ಲಿ ಆ ಬಾವಿಯ ಸುತ್ತಲಿನ ಸೀಲ್ ಸೋತರೆ ಆಯಿಲ್ ಒಳಗೆ ತುಂಬಿ ಎಂಜಿನ್ ಮಿಸ್ ಹೊಡೆಯೋಕೆ ಶುರು ಮಾಡುತ್ತೆ. ಹೊರಗಿನಿಂದ ನೋಡಿದರೆ ಒಂದು ಹನಿ ಕೂಡ ಕಾಣಲ್ಲ, ಜನ ಪ್ಲಗ್ ಬದಲಾಯಿಸ್ತಾರೆ, ಕಾಯಿಲ್ ಬದಲಾಯಿಸ್ತಾರೆ, ಪ್ರಾಬ್ಲಮ್ ಹಾಗೇ ಇರುತ್ತೆ.

ಕೈ ಅಳತೆ ಮತ್ತು ಟಾರ್ಕ್ ರೆಂಚ್

ನಮ್ಮ ಮನೆ ಹತ್ತಿರದ ಗ್ಯಾರೇಜಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಅವರ ಹತ್ತಿರ ಟಾರ್ಕ್ ರೆಂಚ್ ಇದೆ, ಆದರೆ ಅದನ್ನ ತೆಗೆಯೋದು ಹೆಡ್ ಬೋಲ್ಟಿಗೆ ಮಾತ್ರ. ಟ್ಯಾಪೆಟ್ ಕವರಿಗೆ ಹತ್ತರ ಟಿ-ಸ್ಪ್ಯಾನರ್. ಅವರು ಅದನ್ನ ಹಿಡಿಯೋ ರೀತಿ ಗಮನಿಸಬೇಕು. ಮೊದಲು ಮೇಲಿನ ಅಡ್ಡ ಹಿಡಿ ಮುಟ್ಟೋದೇ ಇಲ್ಲ, ನಡುವಿನ ಕಡ್ಡಿಯನ್ನ ಬೆರಳುಗಳಲ್ಲಿ ಹಿಡಿದು ಪೆನ್ಸಿಲ್ ಹೊರಳಿಸೋ ಹಾಗೆ ಎಲ್ಲ ಬೋಲ್ಟುಗಳನ್ನ ಇಳಿಸ್ತಾರೆ. ಕೊನೆಗೆ ಅಡ್ಡ ಹಿಡಿಗೆ ಎರಡು ಬೆರಳು ಹಾಕಿ ಒಂದು ಸಣ್ಣ ತಿರುವು. ‘ಯಾಕಣ್ಣ ಅಷ್ಟೇನಾ?’ ಅಂತ ಕೇಳಿದೆ. ‘ಇದು ಪ್ಯಾಕಿಂಗಪ್ಪಾ, ಚಕ್ರ ಅಲ್ಲ’ ಅಂದರು.

ಆ ಕೈಯ ಹಿಂದೆ ಫಿಸಿಕ್ಸ್ ಇದೆ. ಟಿ-ಸ್ಪ್ಯಾನರಿನ ಹಿಡಿ ನಡುವಿನಿಂದ ಆ ಕಡೆ ಈ ಕಡೆ ಹತ್ತತ್ತು ಸೆಂಟಿಮೀಟರ್ ಅಂದುಕೊಂಡರೆ, ಎರಡೂ ಕಡೆ ಐದೈದು ಕೆಜಿಯಷ್ಟು ತಳ್ಳಿದಾಗ ಆಗೋದು ಸರಿಯಾಗಿ 10 ನ್ಯೂಟನ್-ಮೀಟರ್ ಹತ್ತಿರ. ಬೆರಳಿನಲ್ಲಿ ಅದಕ್ಕಿಂತ ಬಹಳ ಜಾಸ್ತಿ ಕೊಡೋಕೆ ಆಗಲ್ಲ, ಹಾಗಾಗಿ ತಪ್ಪಾಗೋದು ಕಮ್ಮಿ. ಅದೇ ಕೆಲಸಕ್ಕೆ ನಮ್ಮಂಥವರು ಅರ್ಧ ಇಂಚಿನ ದೊಡ್ಡ ರ‍್ಯಾಚೆಟ್ ತಗೋತೀವಿ. ಹಿಡಿ 25 ಸೆಂಟಿಮೀಟರ್. ಒಂದು ಕೈಯಲ್ಲಿ ಆರಾಮಾಗಿ 15 ಕೆಜಿ ಎಳೆದರೂ 37 ನ್ಯೂಟನ್-ಮೀಟರ್ ಆಗಿಹೋಯ್ತು, ಬೇಕಾದ್ದಕ್ಕಿಂತ ಹೆಚ್ಚೂಕಮ್ಮಿ ನಾಲ್ಕು ಪಟ್ಟು. ಎಂ6 ಬೋಲ್ಟ್ ಅಷ್ಟು ದೂರ ಬರೋದೇ ಇಲ್ಲ, ಮೊದಲೇ ತುಂಡಾಗುತ್ತೆ. ಗಾಳಿ ಗನ್ನನ್ನಂತೂ ಈ ಬೋಲ್ಟುಗಳ ಹತ್ತಿರಕ್ಕೂ ತರಬಾರದು.

ಟಾರ್ಕ್ ರೆಂಚ್ ಇದ್ದರೆ ಒಳ್ಳೇದೇ, ಆದರೆ ಸರಿಯಾದ ರೇಂಜಿನದ್ದು ಬೇಕು. 40ರಿಂದ 200 ಅಳೆಯೋ ಚಕ್ರದ ರೆಂಚಿನಲ್ಲಿ 10 ಅಳೆಯೋಕೆ ಆಗಲ್ಲ. ಅದು ಲಾರಿ ತೂಗೋ ವೇ-ಬ್ರಿಡ್ಜಿನಲ್ಲಿ ಕೊತ್ತಂಬರಿ ಸೊಪ್ಪು ತೂಗಿದ ಹಾಗೆ. ಕಾಲು ಇಂಚಿನ ಡ್ರೈವ್ ಇರೋ, 5ರಿಂದ 25ರ ಆಸುಪಾಸಿನ ರೆಂಚ್ ಬೇಕು. ಕ್ಲಿಕ್ ಶಬ್ದ ಸಣ್ಣದಾಗಿರುತ್ತೆ, ನಿಧಾನವಾಗಿ ಎಳೀರಿ, ಒಂದು ಸಲ ಕ್ಲಿಕ್ ಅಂದ ಮೇಲೆ ನಿಲ್ಲಿಸಿ. ಖಾತ್ರಿ ಮಾಡ್ಕೊಳ್ಳೋಕೆ ಅಂತ ಮತ್ತೆ ಎರಡು ಸಲ ಕ್ಲಿಕ್ ಮಾಡೋ ಚಾಳಿ ಬಹಳ ಜನಕ್ಕಿದೆ, ಪ್ರತಿ ಸಲ ಬೋಲ್ಟ್ ಒಂಚೂರು ಮುಂದೆ ಹೋಗಬಹುದು.

ಹಾಸ್ಟೆಲಿನಲ್ಲಿ ಟಾರ್ಕ್ ರೆಂಚ್ ಎಲ್ಲಿಂದ ತರೋದು ಅಂತೀರಾ? ಊರಿಂದ ಬರೋವಾಗ ಲಗೇಜ್ ತೂಗೋಕೆ ಕೊಕ್ಕೆ ಇರೋ ತಕ್ಕಡಿ ಬರುತ್ತಲ್ಲ, ಅದು ಸಾಕು. ಹತ್ತರ ರಿಂಗ್ ಸ್ಪ್ಯಾನರ್ ಹಾಕಿ, ಬೋಲ್ಟಿನ ಮಧ್ಯದಿಂದ 15 ಸೆಂಟಿಮೀಟರ್ ದೂರಕ್ಕೆ ಗುರುತು ಮಾಡಿ, ಅಲ್ಲಿ ದಾರ ಕಟ್ಟಿ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಲಂಬವಾಗಿ ಎಳೀರಿ. ತಕ್ಕಡಿ ಆರೂವರೆ ಕೆಜಿ ತೋರಿಸಿದಾಗ ಟಾರ್ಕ್ ಒಂಬತ್ತೂವರೆ ನ್ಯೂಟನ್-ಮೀಟರ್ ಆಗಿರುತ್ತೆ. ಮ್ಯಾನುಯಲ್‌ನಲ್ಲಿ 8 ಅಂತ ಇದ್ದರೆ 5.4 ಕೆಜಿಗೆ ನಿಲ್ಲಿಸಿ. ಲಂಬವಾಗಿ ಎಳೆಯದೇ ಇದ್ದರೆ ಲೆಕ್ಕ ತಪ್ಪುತ್ತೆ, ಯಾಕೆ ಅಂತ ನಿಮಗೆ ಗೊತ್ತು, ಸೈನ್ ತೀಟಾ.

ಇನ್ನೊಂದು ವಿಷಯ, ಟಾರ್ಕ್ ರೆಂಚ್ ಕೂಡ ಮೋಸ ಹೋಗುತ್ತೆ. ನಾವು ಕೊಡೋ ಟಾರ್ಕಿನಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತೆ, ಇನ್ನೊಂದು 40 ಶೇಕಡಾ ಥ್ರೆಡ್ಡಿನ ಘರ್ಷಣೆಗೆ. ಬೋಲ್ಟನ್ನ ಹಿಗ್ಗಿಸೋಕೆ ಉಳಿಯೋದು ಹತ್ತು ಶೇಕಡಾ ಅಷ್ಟೇ. ಥ್ರೆಡ್ಡಿಗೆ ಆಯಿಲ್ ಹತ್ತಿದ್ದರೆ ಘರ್ಷಣೆ ಕಮ್ಮಿಯಾಗಿ ಗುಣಾಂಕ 0.2 ಇದ್ದದ್ದು 0.15ಕ್ಕೆ ಇಳಿದರೂ, ಅದೇ 10 ನ್ಯೂಟನ್-ಮೀಟರಿಗೆ ಕ್ಲಾಂಪ್ ಬಲ 8,300 ಇದ್ದದ್ದು 11,000 ದಾಟುತ್ತೆ. ಮೂರನೇ ಒಂದು ಭಾಗ ಜಾಸ್ತಿ, ರೆಂಚಿನಲ್ಲಿ ಮಾತ್ರ ಅದೇ ಸಂಖ್ಯೆ! ಮ್ಯಾನುಯಲ್ ‘ಆಯಿಲ್ ಹಚ್ಚಿ’ ಅಂತ ಹೇಳದೇ ಇದ್ದರೆ ಥ್ರೆಡ್ ಒಣಗಿಸಿಯೇ ಹಾಕಬೇಕು. ತೂತಿನೊಳಗೆ ಆಯಿಲ್ ನಿಂತಿದ್ದರೆ ಇನ್ನೂ ಕೆಟ್ಟದು, ತಳ ಮುಚ್ಚಿರೋ ತೂತಿನಲ್ಲಿ ಬೋಲ್ಟು ಪಿಸ್ಟನ್ನಿನ ಹಾಗೆ ಆಯಿಲನ್ನ ಒತ್ತುತ್ತೆ. ಬೋಲ್ಟು ಬಿಗಿಯಾಯ್ತು ಅಂತ ನಮಗನ್ನಿಸುತ್ತೆ, ನಿಜಕ್ಕೂ ಅದು ಒತ್ತುತ್ತಿರೋದು ಆಯಿಲನ್ನ.

ಕೆಲಸ ಮಾಡೋ ರೀತಿ

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಹಳೇ ಪ್ಯಾಕಿಂಗ್ ತೆಗೆದ ಮೇಲೆ ಎರಡೂ ಮುಖಗಳನ್ನ ಉಜ್ಜಿ ಒರೆಸಬೇಕು, ಆದರೆ ಅಲ್ಯೂಮಿನಿಯಂ ಮೇಲೆ ಬ್ಲೇಡು, ಸ್ಕ್ರೂ ಡ್ರೈವರ್ ಬೇಡ. ಪ್ಲಾಸ್ಟಿಕ್ ಸ್ಕ್ರೇಪರ್ ಅಥವಾ ಹಳೇ ಎಟಿಎಂ ಕಾರ್ಡ್ ಸಾಕು. ಒಂದು ಗೀರು ಬಿದ್ದರೆ ಅದೇ ಆಯಿಲಿಗೆ ಕಾಲುದಾರಿ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಮುಕ್ಕಾಲು ಭಾಗ ಹೊತ್ತು ಹೋಗಬೇಕಾದ್ದು ಈ ಒರೆಸೋದರಲ್ಲೇ, ಬೋಲ್ಟ್ ಬಿಗಿ ಮಾಡೋದು ಐದು ನಿಮಿಷ.

ಸಿಲಿಕೋನ್ ಅಂಟನ್ನ ಸುತ್ತಲೂ ಬಳಿಯೋ ಅಭ್ಯಾಸ ನಮ್ಮಲ್ಲಿ ಜಾಸ್ತಿ. ರಬ್ಬರ್ ಪ್ಯಾಕಿಂಗಿಗೆ ಅದು ಬೇಕಿಲ್ಲ, ಜಾರಿಸಿ ತೊಂದರೆಯೇ ಮಾಡುತ್ತೆ, ಒಳಗೆ ಉದುರಿದ ಚೂರು ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಬೇಕಾಗಿರೋದು ಕೆಲವೇ ಮೂಲೆಗಳಲ್ಲಿ: ಮುಂದಿನ ಕ್ಯಾಮ್ ಕ್ಯಾಪ್ ಹೆಡ್ಡಿಗೆ ಸೇರೋ ಮೆಟ್ಟಿಲಿನಂಥ ಜಾಗ, ಮತ್ತೆ ಕೆಲವು ಎಂಜಿನ್ನುಗಳಲ್ಲಿ ಇರೋ ಅರ್ಧಚಂದ್ರದ ರಬ್ಬರಿನ ಎರಡು ತುದಿ. ಅಲ್ಲಿ ಒಂದೊಂದು ಕಡಲೆಕಾಳಿನಷ್ಟು.

ಆಮೇಲೆ ಕವರ್ ಕೂರಿಸಿ, ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ನಾಲ್ಕೈದು ಸುತ್ತು ಇಳಿಸಬೇಕು. ಬೆರಳಲ್ಲಿ ಇಳಿಯದೇ ಇದ್ದರೆ ಅದು ಓರೆಯಾಗಿ ಹಿಡಿದಿದೆ ಅಂತ ಅರ್ಥ, ಸ್ಪ್ಯಾನರ್ ಹಾಕೋಕೆ ಹೋಗಬೇಡಿ. ಎಲ್ಲವೂ ತಾಗಿದ ಮೇಲೆ ಮಧ್ಯದ ಬೋಲ್ಟಿನಿಂದ ಶುರು ಮಾಡಿ, ಆ ಕಡೆ ಒಂದು ಈ ಕಡೆ ಒಂದು ಅಂತ ಅಡ್ಡಡ್ಡಲಾಗಿ ತುದಿಗಳ ಕಡೆ ಹೋಗಬೇಕು. ಹಾಸಿಗೆ ಮೇಲೆ ಬೆಡ್‌ಶೀಟ್ ಹಾಸೋವಾಗ ಮಧ್ಯದಿಂದ ಅಂಚಿಗೆ ಸವರ್ತೀವಲ್ಲ, ಅದೇ ಕಾರಣ. ಎರಡು ತುದಿ ಮೊದಲು ಬಿಗಿ ಮಾಡಿದರೆ ಪ್ಯಾಕಿಂಗಿನ ಸುಕ್ಕು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತೆ. ಒಂದೇ ಸಲಕ್ಕೆ ಪೂರ್ತಿ ಟಾರ್ಕ್ ಬೇಡ, ಮೊದಲ ಸುತ್ತಿನಲ್ಲಿ ಅರ್ಧ, ಎರಡನೇ ಸುತ್ತಿನಲ್ಲಿ ಪೂರ್ತಿ. ಮ್ಯಾನುಯಲ್‌ನಲ್ಲಿ ಬೋಲ್ಟಿಗೆ ನಂಬರ್ ಕೊಟ್ಟಿದ್ದರೆ ಆ ಕ್ರಮವೇ ಅಂತಿಮ. ಕಾರ್ಕ್ ಆದರೆ ಒಂದು ಸಲ ಎಂಜಿನ್ ಬಿಸಿಯಾಗಿ ಮತ್ತೆ ತಣ್ಣಗಾದ ಮೇಲೆ ಸ್ವಲ್ಪ ಕುಗ್ಗಿರುತ್ತೆ, ಆಗ ಇನ್ನೊಮ್ಮೆ ಅದೇ ಟಾರ್ಕಿಗೆ ನೋಡಬಹುದು. ರಬ್ಬರ್ ಆದರೆ ಮತ್ತೆ ಮುಟ್ಟೋ ಅಗತ್ಯವಿಲ್ಲ.

ಗಾಡಿ ಸ್ಟಾರ್ಟ್ ಮಾಡಿದಾಗ ಮೊದಲ ಹತ್ತು-ಹದಿನೈದು ನಿಮಿಷ ಹೊಗೆ ವಾಸನೆ ಬಂದರೆ ಗಾಬರಿ ಬೇಡ, ಮ್ಯಾನಿಫೋಲ್ಡ್ ಮೇಲೆ ಮೊದಲೇ ಬಿದ್ದಿದ್ದ ಆಯಿಲ್ ಸುಟ್ಟು ಹೋಗ್ತಿರುತ್ತೆ. ಎರಡು ದಿನ ಓಡಿಸಿ, ತಣ್ಣಗಿರೋವಾಗ ಅಂಚಿನ ಸುತ್ತ ಬೆರಳಾಡಿಸಿ ನೋಡಿ. ಮತ್ತೆ ಒದ್ದೆ ಇದ್ದರೆ ಸ್ಪ್ಯಾನರ್ ಎತ್ತಬೇಡಿ. ಅಂಚನ್ನ ಚೆನ್ನಾಗಿ ಒರೆಸಿ, ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿ ಎಂಜಿನ್ ಓಡಿಸಿದರೆ ಆಯಿಲ್ ಎಲ್ಲಿಂದ ಹೊರಡ್ತಿದೆ ಅಂತ ಗೆರೆ ಎಳೆದ ಹಾಗೆ ಕಾಣುತ್ತೆ. ಎಷ್ಟೋ ಸಲ ಅದು ಪ್ಯಾಕಿಂಗೇ ಆಗಿರಲ್ಲ, ಮೇಲಿನ ಆಯಿಲ್ ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಅಲ್ಲಿಂದ ಇಳಿದು ಬಂದಿರುತ್ತೆ. ಒಂದೇ ಜಾಗ ಅಲ್ಲದೆ ಸುತ್ತ ಎಲ್ಲ ಕಡೆಯಿಂದ ಜಿನುಗ್ತಾ ಇದ್ದರೆ ಪಿಸಿವಿ ವಾಲ್ವ್ ತೆಗೆದು ಅಲ್ಲಾಡಿಸಿ ನೋಡಿ. ಒಳಗೆ ಗೋಲಿಯಂಥದ್ದು ಇರೋ ಹಳೇ ಮಾದರಿ ಆದರೆ ಟಿಕ್ ಟಿಕ್ ಅಂತ ಸದ್ದು ಬರಬೇಕು. ಸದ್ದಿಲ್ಲ, ಒಳಗೆಲ್ಲ ಕಪ್ಪು ಜಿಡ್ಡು ಕಟ್ಟಿದೆ ಅಂದರೆ ಮೊದಲು ಬದಲಾಯಿಸಬೇಕಾದ್ದು ಅದನ್ನ. ಅದು ಹಾಗೇ ಇದ್ದರೆ ಇನ್ನೊಂದು ಹೊಸ ಪ್ಯಾಕಿಂಗ್ ಹಾಕಿದರೂ ಕೆಲವೇ ತಿಂಗಳಲ್ಲಿ ಮತ್ತೆ ಅಂಚು ಒದ್ದೆಯಾಗುತ್ತೆ.